ಪಬ್‌ಮೆಡ್ ದೀರ್ಘ ಬಳಕೆಯ ವಿಮರ್ಶೆ: ಕೆಎಫ್‌ಡಿ ಹುಡುಕಿದರೆ ಕಿಕುಚಿ ಯಾಕೆ ಬರುತ್ತದೆ?

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1996ರಿಂದ ನಡೆಸುತ್ತಿರುವ, ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ಗೆ ದುಡ್ಡು ಕೊಡಬೇಕಿಲ್ಲ, ಹುಡುಕಲು ಲಾಗಿನ್ನೂ ಬೇಡ. ವೈದ್ಯಕೀಯ ಜರ್ನಲ್‌ಗಳ ಮಟ್ಟಿಗೆ ಮೊದಲು ತೆರೆಯಬೇಕಾದ ಬಾಗಿಲು ಇದೇ. ಆದರೆ ನಾಲ್ಕು ಪದ ತುಂಬಿ ಎಂಟರ್ ಒತ್ತಿ ಸುಮ್ಮನಾದರೆ ಸಿಗುವುದು ಅರ್ಧಂಬರ್ಧ.

ಮಂಗನ ಕಾಯಿಲೆಯನ್ನೇ (ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚುಟುಕಾಗಿ ಕೆಎಫ್‌ಡಿ) ತಗೊಳ್ಳಿ. ಬರೀ ಕೆಎಫ್‌ಡಿ ಎಂದು ಟೈಪಿಸಿದರೆ ಕ್ಯಾಸನೂರು ಕಾಡಿನ ಜ್ವರದ ಜತೆಗೆ ಕಿಕುಚಿ-ಫುಜಿಮೋಟೊ ಎಂಬ ದುಗ್ಧಗ್ರಂಥಿಯ ಕಾಯಿಲೆಯ ಲೇಖನಗಳೂ ಬಂದು ಬೀಳುತ್ತವೆ. ಎರಡಕ್ಕೂ ಅದೇ ಮೂರಕ್ಷರ. ಪೂರ್ತಿ ಹೆಸರು ಬರೆದರೆ ಪಬ್‌ಮೆಡ್ ತಾನೇ ಅದನ್ನು ಮೆಶ್ ಎಂಬ ವಿಷಯಪಟ್ಟಿಯ ಶೀರ್ಷಿಕೆಗೆ ಗಂಟುಹಾಕುತ್ತದೆ. ಯಾವುದಕ್ಕೆ ಗಂಟುಹಾಕಿತು ಎಂದು ನೋಡಲು ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ಹಿಸ್ಟರಿಯ ಸಾಲಿನಲ್ಲಿ ಡೀಟೇಲ್ಸ್ ಕೆಳಗಿನ ಬಾಣ ಒತ್ತಿ. ನೀವು ಕೇಳಿದ್ದೇನು, ಅದು ಹುಡುಕಿದ್ದೇನು, ಎರಡೂ ಅಲ್ಲಿ ಬಯಲು. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅಥವಾ ಒಂದೇ ಮೊದಲಿನ ಪದಗಳೆಲ್ಲ ಸಿಗಲೆಂದು ಕೊನೆಗೆ ನಕ್ಷತ್ರ ಚಿಹ್ನೆ (*) ಹಾಕಿದರೆ ಈ ಗಂಟು ಬಿಚ್ಚಿಹೋಗುತ್ತದೆ. ನಕ್ಷತ್ರಕ್ಕೆ ಮೊದಲು ಕನಿಷ್ಠ 4 ಅಕ್ಷರ ಇರಲೇಬೇಕು.

ಮೆಶ್‌ನಲ್ಲಿ ಮೇಲಿನ ಶೀರ್ಷಿಕೆ ಕೇಳಿದರೆ ಅದರಡಿಯ ಕಾಯಿಲೆಗಳೆಲ್ಲ ಸೇರಿ ಬರುತ್ತವೆ. ವೈರಲ್ ಹೆಮರೇಜಿಕ್ ಫೀವರ್ಸ್ ಎಂದರೆ ಮಂಗನ ಕಾಯಿಲೆಯೂ ಬಂತು. ಅನುಕೂಲವೇ, ಆದರೆ ಎಲ್ಲ ದಾಖಲೆಗೂ ಮೆಶ್ ಅಂಟಿಸಿರುವುದಿಲ್ಲ. ಮೆಶ್ ಒಂದನ್ನೇ ನೆಚ್ಚಿದರೆ ಆ ಲೇಖನಗಳು ಕೈತಪ್ಪುತ್ತವೆ. ಹಾಗಾಗಿ ಮೆಶ್ ಶೀರ್ಷಿಕೆ ಒಂದು ಕಡೆ, ಟೈಟಲ್-ಅಬ್‌ಸ್ಟ್ರಾಕ್ಟ್‌ನ (ಲೇಖನದ ಶೀರ್ಷಿಕೆ, ಸಾರಾಂಶ) ಪದಗಳು ಇನ್ನೊಂದು ಕಡೆ, ನಡುವೆ ಆರ್ (OR, ಅಥವಾ). ಆರ್, ಆಂಡ್ (AND, ಮತ್ತು) ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಲಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ, ಆವರಣ ಹಾಕದಿದ್ದರೆ ಅರ್ಥವೇ ತಿರುಗಿಬಿಡುತ್ತದೆ.

2022ರಲ್ಲಿ ಬಂದ ಸಾಮೀಪ್ಯ ಹುಡುಕಾಟ ನಿಜಕ್ಕೂ ಕೆಲಸಕ್ಕೆ ಬರುವಂಥದ್ದು. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಬರೆದು, ಚೌಕ ಆವರಣದಲ್ಲಿ ಟೈಟಲ್-ಅಬ್‌ಸ್ಟ್ರಾಕ್ಟ್ ಟ್ಯಾಗ್, ಕೋಲನ್, ಅಲೆಗೆರೆ (~), 3 ಎಂದು ಹಾಕಿದರೆ ಆ ಪದಗಳ ನಡುವೆ ಮೂರಕ್ಕಿಂತ ಹೆಚ್ಚು ಪದ ಇರಕೂಡದು ಎಂದರ್ಥ. ಹಿಂದುಮುಂದಾದರೂ ಸಿಗುತ್ತದೆ. ಇದರೊಳಗೆ ನಕ್ಷತ್ರ ಚಿಹ್ನೆ ಮಾತ್ರ ನಡೆಯುವುದಿಲ್ಲ, ಅದೊಂದು ಕೊರತೆ.

ಊರಿನ ಹೆಸರಿಂದ ಹುಡುಕುವವರು ಎಡವುವುದು ಇಲ್ಲಿ. ಅಫಿಲಿಯೇಷನ್ (ಲೇಖಕರ ಸಂಸ್ಥೆ, ವಿಳಾಸ) ಅಂಕಣದಲ್ಲಿ ಲೇಖಕರು ಬರೆದದ್ದೇ ಇರುತ್ತದೆ. ನಮ್ಮ ಊರುಗಳ ಹೆಸರು 2014ರಲ್ಲಿ ಬದಲಾಗಿರುವುದರಿಂದ ಶಿಮೊಗಾ ಮತ್ತು ಶಿವಮೊಗ್ಗ, ಮೈಸೂರ್ ಮತ್ತು ಮೈಸೂರು, ಎರಡೂ ಸ್ಪೆಲ್ಲಿಂಗ್ ಕೊಡಿ. ಸಾಲದ್ದಕ್ಕೆ, 2014ಕ್ಕೆ ಹಿಂದಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸವಷ್ಟೇ ಇದೆ. ಶಿವಮೊಗ್ಗದವರು ಎರಡನೆಯ ಲೇಖಕರಾಗಿದ್ದ ಹಳೆಯ ಲೇಖನ ಈ ದಾರಿಯಲ್ಲಿ ಸಿಗುವುದಿಲ್ಲ.

ಒಂದು ಹುಡುಕಾಟಕ್ಕೆ ಪರದೆಯ ಮೇಲೆ ಮೊದಲ 10,000 ಫಲಿತಾಂಶಗಳನ್ನಷ್ಟೇ ನೋಡಬಹುದು. ಆರಿಸಿದ ಲೇಖನಗಳನ್ನು ಸದ್ಯಕ್ಕೆ ಇಟ್ಟುಕೊಳ್ಳುವ ಕ್ಲಿಪ್‌ಬೋರ್ಡ್ ಹಿಡಿಯುವುದು 500. 8 ಗಂಟೆ ಮುಟ್ಟದಿದ್ದರೆ ಖಾಲಿ. ಆದ್ದರಿಂದ ಗಟ್ಟಿಯಾದ ಹುಡುಕಾಟವನ್ನು ಕ್ರಿಯೇಟ್ ಅಲರ್ಟ್ ಒತ್ತಿ ಉಳಿಸಿಕೊಳ್ಳಿ, ಅದಕ್ಕೆ ಮಾತ್ರ ಲಾಗಿನ್ ಬೇಕು. ಮಂಗನ ಕಾಯಿಲೆಯಂಥ ವಿಷಯಕ್ಕೆ ವಾರಕ್ಕೊಂದು ಇಮೇಲ್ ಧಾರಾಳ. ಡೆಂಗಿಗೆ ಹಾಗೇ ಇಟ್ಟರೆ ಇನ್‌ಬಾಕ್ಸ್ ತುಂಬಿ ತುಳುಕುತ್ತದೆ.