ಸಿಸಿ ಕ್ಯಾಮೆರಾ ಹೊರಗಿನಿಂದ ನೋಡಲು: ಪೋರ್ಟ್ ಫಾರ್ವರ್ಡಿಂಗ್, ಪಿ2ಪಿ, ವಿಪಿಎನ್ – ಯಾವುದು?

ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕಕ್ಕೆ ರೂಟರಿನಲ್ಲಿ ಬಾಗಿಲು ತೆರೆಯುವುದು) ಬೇಡವೇ ಬೇಡ. ರೂಟರಿನಲ್ಲಿ 80 ಅಥವಾ 8000ನೇ ಪೋರ್ಟ್ ತೆರೆದರೆ ಡಿವಿಆರ್‌ನ (ಕ್ಯಾಮೆರಾದ ಚಿತ್ರ ದಾಖಲಿಸುವ ಪೆಟ್ಟಿಗೆ) ಲಾಗಿನ್ ಇಡೀ ಇಂಟರ್ನೆಟ್ಟಿಗೆ ತೆರೆದಂತೆ. 2016ರಲ್ಲಿ ಮಿರಾಯ್ ಮಾಲ್‌ವೇರ್ ಹಬ್ಬಿದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡು ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳಲ್ಲಿ. ಪೋರ್ಟ್ ಸಂಖ್ಯೆ ಬದಲಿಸಿದರೂ ಸ್ಕ್ಯಾನ್ ಮಾಡುವವರಿಗೆ ಸಿಕ್ಕೇ ಸಿಗುತ್ತದೆ.

ಕಂಪನಿಯ ಆ್ಯಪ್ ಮೂಲಕ ಪಿ2ಪಿ (ಕಂಪನಿಯ ಸರ್ವರ್ ನಡುವೆ ನಿಂತು ಫೋನನ್ನು ಕ್ಯಾಮೆರಾಗೆ ಜೋಡಿಸುವುದು) ಸುಲಭ: ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಆದರೆ ಭದ್ರತೆ ಅವರ ಸರ್ವರ್ ಕೈಯಲ್ಲಿ. ಎರಡು ಹಂತದ ಲಾಗಿನ್ ಇಲ್ಲದಿದ್ದರೆ ಬಿಟ್ಟುಬಿಡಿ.

ವಿಪಿಎನ್ ಎಂದರೆ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಒಂದು ಸುರಕ್ಷಿತ ಖಾಸಗಿ ದಾರಿ. ರೂಟರಿನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ಆರಿಸಿ. ಹೊರಗೆ ತೆರೆಯುವುದು ಯುಡಿಪಿ 51820 ಎಂಬ ಒಂದೇ ಪೋರ್ಟ್; ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಡಿವಿಆರ್‌ಗೆ ಬದಲಾಗದ ಐಪಿ ಕೊಡಿ, ಯುಪಿಎನ್‌ಪಿ (ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ. ಪ್ರತಿ ಫೋನಿಗೂ ಬೇರೆ ಕೀ ಇರಲಿ. ಫೋನ್ ಕಳೆದರೆ ಅದೊಂದನ್ನು ಅಳಿಸಿದರಾಯಿತು.

ವಿಪಿಎನ್ ಕೈಕೊಡುವುದು ಎರಡು ಕಡೆ. ರೂಟರಿನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) 100.64ರಿಂದ 100.127ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ವ್ಯವಸ್ಥೆ) ಹಿಂದಿದ್ದೀರಿ, ಹೊರಗಿನ ಸಂಪರ್ಕ ಒಳಗೆ ಬರುವುದಿಲ್ಲ. ಇಂಟರ್ನೆಟ್ ಕಂಪನಿಯಿಂದ ಪಬ್ಲಿಕ್ ಐಪಿ ಕೇಳಿ. ಇಲ್ಲವೇ ಸದಾ ಆನ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿ. ಇನ್ನೊಂದು: ಮನೆ, ಆಫೀಸು ಎರಡರ ನೆಟ್‌ವರ್ಕ್ ಐಪಿಯೂ 192.168.1ರಿಂದ ಶುರುವಾಗುತ್ತಿದ್ದರೆ ವಿಪಿಎನ್ ಕನೆಕ್ಟ್ ಆದರೂ ಚಿತ್ರ ಬಾರದಿರಬಹುದು. ಮನೆಯದನ್ನು 192.168.73ಕ್ಕೆ ಬದಲಿಸಿ.