ಬ್ಯಾಂಕ್ ಬಾಂಡ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ

ನನ್ನ ಉಳಿತಾಯದ ದೊಡ್ಡ ಪಾಲು ಒಂದು ಬ್ಯಾಂಕಿನ ಎಟಿ-1 ಬಾಂಡ್‌ನಲ್ಲಿತ್ತು, ಅಂದರೆ ಬ್ಯಾಂಕ್ ತನ್ನ ಬಂಡವಾಳಕ್ಕೆ ಅಂತ ಮಾರುವ ಸಾಲಪತ್ರದಲ್ಲಿ. ಇವತ್ತು ಅದರ ಬೆಲೆ ಸೊನ್ನೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

"ಎಫ್‌ಡಿ ಇದ್ದ ಹಾಗೇ, ಬಡ್ಡಿ ಮಾತ್ರ ಜಾಸ್ತಿ" ಅಂದಿದ್ದರು ಮ್ಯಾನೇಜರ್. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರು. ಗುರುತು ನೋಡಿ ಸಹಿ ಹಾಕಿದೆ, ಮೇಲಿನ ಸಾಲು ಓದಲಿಲ್ಲ. ಬ್ಯಾಂಕ್ ಕಷ್ಟಕ್ಕೆ ಸಿಕ್ಕರೆ ಅಸಲನ್ನೇ ಅಳಿಸಿಹಾಕಬಹುದು ಅಂತ ಅಲ್ಲೇ ಬರೆದಿತ್ತು.

ಬ್ಯಾಂಕಿನ ಬಗ್ಗೆ ಗುಸುಗುಸು ಶುರುವಾದಾಗ ಮಾರಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಬ್ಯಾಂಕಿನ ಮುಖ್ಯಸ್ಥರು ಟಿವಿಗೆ ಬಂದು ಹಣಕ್ಕೆ ಕೊರತೆಯಿಲ್ಲ ಅಂದರು. ಠೇವಣಿದಾರರ ಹಣ ಸುರಕ್ಷಿತ ಅಂತ ಮಂತ್ರಿಗಳೂ ಹೇಳಿದರು. ಸುಮ್ಮನಾದೆ. ಮಂತ್ರಿಗಳ ಮಾತು ಸುಳ್ಳಾಗಲಿಲ್ಲ, ಠೇವಣಿ ಇಟ್ಟವರಿಗೆ ಹಣ ಸಿಕ್ಕಿತು. ನನ್ನದು ಠೇವಣಿಯೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಗ.

ಆಮೇಲೆ ಹಳೆಯ ಬಿಕ್ಕಟ್ಟುಗಳ ಬಗ್ಗೆ ಹುಡುಕಿ ಓದಿದೆ. ಎಲ್ಲ ಕಡೆ ಇದೇ ಕಥೆ. ಅಮೆರಿಕದ ಹೂಡಿಕೆ ಬ್ಯಾಂಕ್ ಬೇರ್ ಸ್ಟರ್ನ್ಸ್‌ನ ಮುಖ್ಯಸ್ಥರು 2008ರ ಮಾರ್ಚ್ 12ರಂದು ಟಿವಿಯಲ್ಲಿ ಧೈರ್ಯ ಹೇಳಿದರು. 16ರ ಭಾನುವಾರ ಷೇರಿಗೆ ಬರೀ 2 ಡಾಲರ್‌ನಂತೆ ಅದನ್ನು ಮಾರುವ ಒಪ್ಪಂದವಾಯಿತು. 2023ರ ಮಾರ್ಚ್ 15ರಂದು ಸ್ವಿಟ್ಜರ್ಲೆಂಡಿನ ದೊಡ್ಡ ಬ್ಯಾಂಕ್ ಕ್ರೆಡಿಟ್ ಸ್ವಿಸ್ ಬಳಿ ಬೇಕಾದಷ್ಟು ಬಂಡವಾಳವಿದೆ ಅಂತ ಸ್ವಿಸ್ ನಿಯಂತ್ರಕರೇ ಹೇಳಿದರು. ನಾಲ್ಕೇ ದಿನಕ್ಕೆ, ಅದೂ ಭಾನುವಾರವೇ, ಸುಮಾರು 1,600 ಕೋಟಿ ಫ್ರಾಂಕ್‌ನ ಎಟಿ-1 ಬಾಂಡ್‌ಗಳನ್ನು ಸೊನ್ನೆ ಮಾಡಿದರು. ಷೇರುದಾರರಿಗೆ ಮಾತ್ರ ಸುಮಾರು 300 ಕೋಟಿ ಸಿಕ್ಕಿತು. ಹೊಟ್ಟೆ ಉರಿಯುತ್ತೆ ಅಲ್ವಾ?

ಠೇವಣಿ ಅಂದರೂ ಪೂರ್ತಿ ಸುರಕ್ಷಿತ ಅಲ್ಲ. 2013ರಲ್ಲಿ ಸೈಪ್ರಸ್‌ನಲ್ಲಿ ಸುಮಾರು ಎರಡು ವಾರ ಬ್ಯಾಂಕ್ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆದಾಗ, ಎರಡು ದೊಡ್ಡ ಬ್ಯಾಂಕುಗಳಲ್ಲಿ 1 ಲಕ್ಷ ಯೂರೋ ಮೀರಿದ ಠೇವಣಿಗೆ ಕತ್ತರಿ ಬಿದ್ದಿತ್ತು.

"ಹಣ ಸಾಲುತ್ತಿಲ್ಲ" ಅಂತ ಮುಖ್ಯಸ್ಥರು ಬಾಯಿಬಿಟ್ಟರೆ ಆ ಗಳಿಗೆಯೇ ಜನ ಸಾಲು ನಿಲ್ಲುತ್ತಾರೆ. ಹಾಗಾಗಿ ಹಣ ಇದ್ದರೂ ಅದೇ ಮಾತು, ಇಲ್ಲದಿದ್ದರೂ ಅದೇ ಮಾತು. ಅದನ್ನು ಕೇಳಿ ನಾನು ನಿರ್ಧಾರ ಮಾಡಬಾರದಿತ್ತು.

ನಿಮ್ಮ ಕಾಗದಪತ್ರ ಇವತ್ತೇ ತೆಗೆದು ನೋಡಿ. "ಎಟಿ-1" ಅಂತಲೋ "ಪರ್ಪೆಚುಯಲ್" (ಅಸಲು ವಾಪಸ್ ಕೊಡಲು ಗಡುವೇ ಇಲ್ಲದ್ದು) ಅಂತಲೋ ಇದ್ದರೆ ಅದು ಎಫ್‌ಡಿ ಅಲ್ಲ. ಠೇವಣಿಯೇ ಆಗಿದ್ದರೆ ವಿಮೆ ಎಷ್ಟರವರೆಗೆ ಅಂತ ಕೇಳಿ, ಅದಕ್ಕಿಂತ ಜಾಸ್ತಿ ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಬಾಂಡ್ ಮಾರುವುದಿದ್ದರೆ ಎಲ್ಲ ಸರಿಯಿರುವಾಗಲೇ ಮಾರಿ. ಸುದ್ದಿ ಹಬ್ಬಿದ ಮೇಲೆ ನಾನು ಎಷ್ಟು ಜನರನ್ನು ಕೇಳಿದರೂ ಕೊಳ್ಳುವವರು ಒಬ್ಬರೂ ಸಿಗಲಿಲ್ಲ.