ಕಾಸ್ಟ್‌ಕೋ ಸದಸ್ಯತ್ವ: 65 ಡಾಲರ್ ಎಲ್ಲಿ ವಸೂಲಾಗುತ್ತದೆ, ಎಲ್ಲಿ ಸೋರಿಹೋಗುತ್ತದೆ

ಅಮೆರಿಕದಲ್ಲಿ ಸಂಸಾರ ಹೂಡಿದ ದಿನಗಳಿಂದಲೂ ಕಾಸ್ಟ್‌ಕೋ ಕಾರ್ಡು ನಮ್ಮ ಮನೆಯಲ್ಲಿದೆ. ಕಾಸ್ಟ್‌ಕೋ ಎಂದರೆ ವರ್ಷದ ಶುಲ್ಕ ಕಟ್ಟಿದ ಸದಸ್ಯರಿಗೆ ದೊಡ್ಡ ದೊಡ್ಡ ಕಟ್ಟುಗಳಲ್ಲಿ ಸಾಮಾನು ಮಾರುವ ಮಳಿಗೆಗಳ ಸರಣಿ. ಇಷ್ಟು ವರ್ಷ ಬಳಸಿದ ಮೇಲೆ ನಾನು ಮೊದಲು ಹೇಳುವ ಮಾತು ಕೆಲವರಿಗೆ ವಿಚಿತ್ರವೆನಿಸಬಹುದು: ಈ ಕಾರ್ಡು ಹಣ ಉಳಿಸಿಕೊಡುವುದು ದೊಡ್ಡ ಗಾಡಿ ತಳ್ಳಿಕೊಂಡು ದಿನಸಿ ತುಂಬುವಾಗ ಅಲ್ಲ. ಅಲ್ಲಿ ಉಳಿದದ್ದಕ್ಕೂ ಹಾಳಾದದ್ದಕ್ಕೂ ಹೆಚ್ಚಿನ ಮನೆಗಳಲ್ಲಿ ಸರಿಹೋಗಿಬಿಡುತ್ತದೆ. ನಿಜವಾದ ಗಳಿಕೆ ಇರುವುದು ಗ್ಯಾಸ್ ಸ್ಟೇಷನ್ನಿನಲ್ಲಿ, ಟೈರ್ ವಿಭಾಗದಲ್ಲಿ, ಕನ್ನಡಕದ ಕೌಂಟರಿನಲ್ಲಿ, ಬಾಡಿಗೆ ಕಾರು ಕಾಯ್ದಿರಿಸುವ ಪುಟದಲ್ಲಿ. ಅಂದರೆ ಹೆಚ್ಚಿನವರು ಕಾಲಿಡದ ಕಡೆಗಳಲ್ಲಿ.

ಈ ವ್ಯಾಪಾರ ನಡೆಯುವ ಬಗೆ ತಿಳಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1976ರಲ್ಲಿ ಸೋಲ್ ಪ್ರೈಸ್ ಸ್ಯಾನ್ ಡಿಯಾಗೋದ ಹಳೆಯ ವಿಮಾನ ಹ್ಯಾಂಗರ್ ಒಂದರಲ್ಲಿ ಪ್ರೈಸ್ ಕ್ಲಬ್ ತೆರೆದಾಗ ಅಲ್ಲಿಗೆ ಬರುತ್ತಿದ್ದವರು ಸಣ್ಣ ವ್ಯಾಪಾರಿಗಳು. ಪ್ರೈಸ್ ಅವರ ಕೈಕೆಳಗೆ ಕೆಲಸ ಕಲಿತ ಜಿಮ್ ಸಿನೆಗಲ್, ಜೆಫ್ ಬ್ರಾಟ್‌ಮನ್ ಜೊತೆ ಸೇರಿ 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಆರಂಭಿಸಿದರು. 1993ರಲ್ಲಿ ಎರಡೂ ಒಂದಾದವು. ಸೂತ್ರ ಅಂದಿನಿಂದ ಬದಲಾಗಿಲ್ಲ. ಹೆಸರಾಂತ ಬ್ರಾಂಡುಗಳ ಮೇಲೆ ಶೇ 14ಕ್ಕಿಂತ, ಸ್ವಂತ ಬ್ರಾಂಡ್ ಕರ್ಕ್‌ಲ್ಯಾಂಡ್ ಸಿಗ್ನೇಚರ್ ಮೇಲೆ ಶೇ 15ಕ್ಕಿಂತ ಹೆಚ್ಚು ಲಾಭವಿಟ್ಟು ಮಾರುವುದಿಲ್ಲ ಎಂಬುದು ಕಂಪನಿ ತಾನೇ ಹಾಕಿಕೊಂಡಿರುವ ಗೆರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬಗೆಯ ಸಾಮಾನು ಇದ್ದರೆ ಇಲ್ಲಿರುವುದು ಸುಮಾರು ನಾಲ್ಕು ಸಾವಿರ. 2024ರ ಆರ್ಥಿಕ ವರ್ಷದಲ್ಲಿ ಕಂಪನಿಯ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್. ಅದೇ ವರ್ಷ ಸದಸ್ಯತ್ವ ಶುಲ್ಕವೊಂದರಿಂದಲೇ ಬಂದದ್ದು ಸುಮಾರು 483 ಕೋಟಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಅವರು ನಮಗೆ ಮಾರುತ್ತಿರುವುದು ಮುಖ್ಯವಾಗಿ ಕಾರ್ಡನ್ನೇ ಎಂದು ಗೊತ್ತಾಗುತ್ತದೆ. ಮುಂದಿನ ವರ್ಷವೂ ನಾವು ಕಾರ್ಡು ನವೀಕರಿಸುವಂತೆ ಮಾಡುವುದು ಸಾಮಾನಿನ ಕೆಲಸ. ಆದ್ದರಿಂದ ಇಲ್ಲಿ ಬೆಲೆಯಲ್ಲಿ ಮೋಸವಿರುವುದಿಲ್ಲ, ಅದನ್ನು ಬಹುಮಟ್ಟಿಗೆ ನಂಬಬಹುದು. ನಂಬಬಾರದ್ದು ಪ್ರಮಾಣವನ್ನು.

ಶುಲ್ಕದ ಲೆಕ್ಕ ಹೀಗಿದೆ. 2024ರ ಸೆಪ್ಟೆಂಬರ್ 1ರಿಂದ ಅಮೆರಿಕದಲ್ಲಿ ಸಾಮಾನ್ಯ ದರ್ಜೆಯ ಗೋಲ್ಡ್ ಸ್ಟಾರ್ ಕಾರ್ಡಿಗೆ ವರ್ಷಕ್ಕೆ 65 ಡಾಲರ್, ಮೇಲಿನ ದರ್ಜೆಯ ಎಕ್ಸಿಕ್ಯುಟಿವ್ ಕಾರ್ಡಿಗೆ 130. ಅದಕ್ಕೆ ಮೊದಲು 2017ರಿಂದ 60 ಮತ್ತು 120 ಇತ್ತು. ಎಕ್ಸಿಕ್ಯುಟಿವ್ ಕಾರ್ಡಿನವರಿಗೆ ಖರೀದಿಯ ಶೇ 2ರಷ್ಟು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಗರಿಷ್ಠ 1,250 ಡಾಲರ್‌ವರೆಗೆ. ಹೆಚ್ಚಿಗೆ ಕೊಟ್ಟ 65 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್, ತಿಂಗಳಿಗೆ ಸುಮಾರು 271 ಡಾಲರ್ ಖರೀದಿ ಆಗಬೇಕು. ಪೆಟ್ರೋಲ್ ಮತ್ತು ಫುಡ್ ಕೋರ್ಟಿನ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮಕ್ಕಳಿಗೆ ಡೈಪರ್, ವೈಪ್ಸ್, ಗ್ಯಾಲನ್‌ಗಟ್ಟಲೆ ಹಾಲು ಬೇಕಾಗಿದ್ದ ಕಾಲದಲ್ಲಿ ನಮಗೆ ಎಕ್ಸಿಕ್ಯುಟಿವ್ ಸಲೀಸಾಗಿ ಗಿಟ್ಟುತ್ತಿತ್ತು. ಡೈಪರಿನ ಕಾಲ ಮುಗಿದ ಮೇಲೆ ಗೋಲ್ಡ್ ಸ್ಟಾರಿಗೆ ಇಳಿದೆವು. ಮನೆಗೆ ಫ್ರಿಜ್, ಹಾಸಿಗೆ, ಟಿ.ವಿ. ಕೊಳ್ಳುವ ವರ್ಷ ಮತ್ತೆ ಏರಿದರಾಯಿತು. ಈ ಏರಿಳಿತಕ್ಕೆ ಯಾವ ಸಂಕೋಚವೂ ಬೇಡ. ಬಂದ ರಿವಾರ್ಡ್ ಹೆಚ್ಚುವರಿ ಶುಲ್ಕಕ್ಕಿಂತ ಕಡಿಮೆಯಾದರೆ ಸದಸ್ಯತ್ವದ ಕೌಂಟರಿನಲ್ಲಿ ಕೇಳಿ ವ್ಯತ್ಯಾಸವನ್ನು ವಾಪಸು ಪಡೆದು ಕೆಳಗಿನ ದರ್ಜೆಗೆ ಬರಬಹುದು. ಕೇಳಬೇಕು ಅಷ್ಟೇ, ಅವರಾಗಿ ಕರೆದು ಕೊಡುವುದಿಲ್ಲ.

ಒಂದು ಶುಲ್ಕಕ್ಕೆ ಎರಡು ಕಾರ್ಡು ಸಿಗುತ್ತದೆ. ಒಂದೇ ವಿಳಾಸದಲ್ಲಿರುವ, 18 ತುಂಬಿದ ಇನ್ನೊಬ್ಬರಿಗೆ ಎರಡನೆಯದು ಉಚಿತ. ಜೊತೆಗೆ ಇಬ್ಬರು ಅತಿಥಿಗಳನ್ನು ಕರೆದೊಯ್ಯಬಹುದು. ಊರಿನಿಂದ ಅಪ್ಪ ಅಮ್ಮ ಬಂದಾಗ ನಮ್ಮಲ್ಲಿ ಈ ಅವಕಾಶ ಧಾರಾಳವಾಗಿ ಬಳಕೆಯಾಗುತ್ತದೆ, ಚಳಿಗಾಲದಲ್ಲಿ ಬೆಚ್ಚಗೆ ಒಂದು ಸುತ್ತು ನಡೆದಾಡಲು ಅದಕ್ಕಿಂತ ವಿಶಾಲವಾದ ಜಾಗ ಸಿಗುವುದು ಕಷ್ಟ.

ಈಗ ಪೆಟ್ರೋಲಿನ ವಿಷಯ. ಕಾರಿಲ್ಲದೆ ಬದುಕು ನಡೆಯದ ಈ ದೇಶದಲ್ಲಿ 65 ಡಾಲರನ್ನು ಅತ್ಯಂತ ನಿರಾಯಾಸವಾಗಿ ಹಿಂಪಡೆಯುವ ದಾರಿ ಇದು. ತಿಂಗಳಿಗೆ 40 ಗ್ಯಾಲನ್ ಹಾಕಿಸುವ ಮನೆಗೆ ಗ್ಯಾಲನ್ನಿಗೆ 25 ಸೆಂಟ್ ವ್ಯತ್ಯಾಸ ಸಿಕ್ಕರೆ ತಿಂಗಳಿಗೆ 10 ಡಾಲರ್, ಏಳು ತಿಂಗಳೊಳಗೆ ಶುಲ್ಕ ಕೈಗೆ ಬಂತು. ಊರಿನಿಂದ ಊರಿಗೆ ಈ ವ್ಯತ್ಯಾಸ ಬೇರೆಯಾಗುವುದರಿಂದ ಸೇರುವ ಮೊದಲು ಒಂದೆರಡು ವಾರ ಅಕ್ಕಪಕ್ಕದ ಬಂಕುಗಳ ಬೆಲೆಯೊಡನೆ ಹೋಲಿಸಿ ನೋಡಿ. ಇಂಧನದ ಗುಣಮಟ್ಟದ ಬಗ್ಗೆ ಅನುಮಾನ ಬೇಡ, ಅದಕ್ಕೆ ಕಾರು ತಯಾರಕರು ಒಪ್ಪಿದ ಟಾಪ್ ಟಿಯರ್ ಎಂಬ ಗುಣಮಟ್ಟದ ಮಾನ್ಯತೆ ಇದೆ. ಕಷ್ಟವೆಂದರೆ ಸಾಲು. ಶನಿವಾರ ಮಧ್ಯಾಹ್ನ ಕಾರುಗಳು ರಸ್ತೆಯವರೆಗೆ ನಿಂತಿರುತ್ತವೆ. ಗ್ಯಾಸ್ ಸ್ಟೇಷನ್ ಸಾಮಾನ್ಯವಾಗಿ ಅಂಗಡಿಗಿಂತ ಮೊದಲೇ ತೆರೆದು ಅಂಗಡಿಯ ನಂತರ ಮುಚ್ಚುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅಥವಾ ರಾತ್ರಿ ಮುಚ್ಚುವ ಮುಂಚೆ ಹೋದರೆ ಕಾಯುವ ಪ್ರಸಂಗ ಬರುವುದಿಲ್ಲ. ಆ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಹಾಕಿರುವುದರಿಂದ, ಪೆಟ್ರೋಲಿಗೆಂದು ಹೋಗಿ ನೂರು ಡಾಲರ್ ಸಾಮಾನಿನೊಂದಿಗೆ ಮರಳುವ ಅಪಾಯವೂ ತಪ್ಪುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಟೈರುಗಳನ್ನು ಬೇರೆಡೆ ಕೊಳ್ಳುವ ಯೋಚನೆಯನ್ನೇ ನಾನು ಬಿಟ್ಟಿದ್ದೇನೆ. ಜೋಡಿಸುವ ಶುಲ್ಕದಲ್ಲಿಯೇ ಟೈರಿನ ಆಯುಷ್ಯವಿಡೀ ರೊಟೇಶನ್, ಬ್ಯಾಲೆನ್ಸಿಂಗ್, ಪಂಕ್ಚರ್ ದುರಸ್ತಿ ಸೇರಿರುತ್ತವೆ. ರಸ್ತೆಯ ಗುಂಡಿ, ಮೊಳೆಗಳಿಂದಾಗುವ ಹಾನಿಗೆ ಐದು ವರ್ಷಗಳ ವಾರಂಟಿ ಇದೆ. ಬಾಡಿಗೆ ಕಾರಿನ ಪುಟದಲ್ಲಿ ನಾಲ್ಕೈದು ಕಂಪನಿಗಳ ದರ ಒಟ್ಟಿಗೆ ಕಾಣುತ್ತದೆ, ಎರಡನೆಯ ಚಾಲಕರಿಗೆ ಸಾಮಾನ್ಯವಾಗಿ ಬೇರೆ ಹಣವಿಲ್ಲ, ರದ್ದು ಮಾಡಿದರೆ ದಂಡವೂ ಇಲ್ಲ. ಆದ್ದರಿಂದ ಮೊದಲೇ ಕಾಯ್ದಿರಿಸಿ, ಪ್ರಯಾಣದವರೆಗೆ ಆಗಾಗ ದರ ನೋಡುತ್ತಾ, ಇಳಿದಾಗಲೆಲ್ಲ ಹಳೆಯದನ್ನು ರದ್ದು ಮಾಡಿ ಹೊಸದನ್ನು ಹಿಡಿಯಬಹುದು. ಗಂಡ ಹೆಂಡತಿ ಸರದಿಯಲ್ಲಿ ಓಡಿಸುವ ಒಂದು ದೀರ್ಘ ಪ್ರವಾಸಕ್ಕೆ ವರ್ಷದ ಶುಲ್ಕ ಬಂದುಬಿಡುತ್ತದೆ. ಟಿ.ವಿ., ಕಂಪ್ಯೂಟರುಗಳಿಗೆ ವಾರಂಟಿ ಎರಡು ವರ್ಷಕ್ಕೆ ವಿಸ್ತರಿಸುತ್ತದೆ. ಹೊರಗೆ ಅಂಥ ವಿಸ್ತರಣೆಯನ್ನು ಹಣ ಕೊಟ್ಟು ಕೊಳ್ಳಬೇಕು.

ಔಷಧಿಯ ವಿಷಯದಲ್ಲಿ ಒಂದು ಗುಟ್ಟು, ಗುಟ್ಟಲ್ಲದ ಗುಟ್ಟು: ಅಮೆರಿಕದಲ್ಲಿ ವೈದ್ಯರ ಚೀಟಿಯ ಔಷಧಿಗಾಗಿ ಕಾಸ್ಟ್‌ಕೋ ಫಾರ್ಮಸಿಗೆ ಹೋಗಲು ಸದಸ್ಯತ್ವವೇ ಬೇಡ. ಬಾಗಿಲಲ್ಲಿ ಫಾರ್ಮಸಿಗೆ ಎಂದರೆ ಸಾಕು. ಬರೀ ಅದಕ್ಕಾಗಿ ಕಾರ್ಡು ಮಾಡಿಸುವುದು ದಂಡ. ಆದರೆ ಚೀಟಿಯಿಲ್ಲದೆ ಸಿಗುವ ಔಷಧಿಗಳಿಗೆ ಕಾರ್ಡು ಬೇಕು, ಮತ್ತು ಅಲ್ಲಿ ಉಳಿತಾಯ ದೊಡ್ಡದು. ವಸಂತ ಬಂತೆಂದರೆ ಪರಾಗದಿಂದ ಮೂಗು ಸೋರಿಸುವ ನಮ್ಮಂಥವರು ಕರ್ಕ್‌ಲ್ಯಾಂಡಿನ ಸೆಟಿರಿಜಿನ್ ಡಬ್ಬಿ ತೆಗೆದುಕೊಂಡರೆ ಅದರಲ್ಲಿ 365 ಗುಳಿಗೆಗಳಿರುತ್ತವೆ. ಅದೇ ಔಷಧಿಯ ಹೆಸರಾಂತ ಬ್ರಾಂಡಿನ ಸಣ್ಣ ಡಬ್ಬಿಯ ಬೆಲೆಯನ್ನು ಗುಳಿಗೆಯ ಲೆಕ್ಕದಲ್ಲಿ ಹೋಲಿಸಿ ನೋಡಿದರೆ ನಗು ಬರುತ್ತದೆ.

ಇನ್ನು ಅಡುಗೆಮನೆ. ಇಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕಟ್ಟು ಒಡೆದ ಮೇಲೆ ಇದು ಕೆಡುವ ಮುಂಚೆ ಮುಗಿಯುತ್ತದೆಯೇ? ಶೇ 25ರಷ್ಟು ಅಗ್ಗಕ್ಕೆ ಕೊಂಡು ಕಾಲು ಭಾಗ ಕಸದ ಬುಟ್ಟಿಗೆ ಹಾಕಿದರೆ ಉಳಿತಾಯ ಸೊನ್ನೆ. ಹೊತ್ತು ತಂದ ಶ್ರಮ, ಫ್ರಿಜ್ಜಿನಲ್ಲಿ ಜಾಗಕ್ಕೆ ನಡೆದ ಜಗಳ ಬೇರೆ. ಈ ಪರೀಕ್ಷೆಯಲ್ಲಿ ಗೆಲ್ಲುವುದು ಬೆಣ್ಣೆ. ಉಪ್ಪಿಲ್ಲದ ಬೆಣ್ಣೆಯ ನಾಲ್ಕು ಪೌಂಡಿನ ಕಟ್ಟನ್ನು ತಂದು ಕಾಯಿಸಿದರೆ ಮನೆಗೆ ತಿಂಗಳುಗಟ್ಟಲೆ ತುಪ್ಪ, ಸೀಸೆಯ ತುಪ್ಪದ ಬೆಲೆಗೂ ರುಚಿಗೂ ಹೋಲಿಕೆಯೇ ಇಲ್ಲ. ನಮ್ಮವರ ಮನೆಗಳಲ್ಲಿ ಕಾಸ್ಟ್‌ಕೋ ಕಾರ್ಡಿಗೆ ಇರುವ ಗೌರವದ ಅರ್ಧ ಪಾಲು ಈ ಬೆಣ್ಣೆಗೆ ಸಲ್ಲಬೇಕು. ಬಾದಾಮಿ, ಗೋಡಂಬಿ, ಅಕ್ರೋಟು ಕೂಡ ಲಾಭವೇ, ಆದರೆ ಅವುಗಳಲ್ಲಿ ಎಣ್ಣೆ ಇರುವುದರಿಂದ ಅಡುಗೆಮನೆಯ ಕಪಾಟಿನಲ್ಲಿ ಬಹುಕಾಲ ಇಟ್ಟರೆ ಕಮಟುತ್ತವೆ. ಸ್ವಲ್ಪ ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕಿ. ಬಿಳಿ ಅಕ್ಕಿ ವರ್ಷಗಟ್ಟಲೆ ಕೆಡುವುದಿಲ್ಲ, ಕಂದು ಅಕ್ಕಿಯ ತವುಡಿನಲ್ಲಿರುವ ಎಣ್ಣೆ ಕೆಲವೇ ತಿಂಗಳಲ್ಲಿ ವಾಸನೆ ಬರುತ್ತದೆ. ಹಾಗಾಗಿ ಆರೋಗ್ಯದ ಹುಮ್ಮಸ್ಸಿನಲ್ಲಿ ಕಂದು ಅಕ್ಕಿಯ ದೊಡ್ಡ ಚೀಲ ತರುವವರು ತುಸು ಯೋಚಿಸಬೇಕು. ಮಸಾಲೆ ಪುಡಿಗಳ ದೊಡ್ಡ ಡಬ್ಬಿಗಳು ಹೋಟೆಲಿನವರಿಗೆ ಸರಿ. ಮನೆಯಲ್ಲಿ ಅರ್ಧ ಮುಗಿಯುವ ಹೊತ್ತಿಗೆ ಘಮ ಹೋಗಿ ಬಣ್ಣ ಮಾತ್ರ ಉಳಿದಿರುತ್ತದೆ. ತೊಗರಿಬೇಳೆ, ಸಾರಿನ ಪುಡಿ, ಅವಲಕ್ಕಿಗೆ ಹೇಗೂ ಭಾರತೀಯ ದಿನಸಿ ಅಂಗಡಿಯೇ ಗತಿ. ಎರಡು ಮನೆಯವರು ಸೇರಿ ಕೊಂಡು ಊಟದ ಮೇಜಿನ ಮೇಲೆ ಹಂಚಿಕೊಳ್ಳುವುದು ತರಕಾರಿ, ಹಣ್ಣು, ಚೀಸಿಗೆ ಬಹಳ ಒಳ್ಳೆಯ ಪದ್ಧತಿ. ಪಾಲು ಮಾಡುವಾಗ ಚಿಲ್ಲರೆ ಲೆಕ್ಕಕ್ಕೆ ಇಳಿಯದ ನೆರೆಯವರು ಸಿಕ್ಕರೆ.

ಬೆಲೆಯ ಫಲಕ ಓದುವುದನ್ನು ರೂಢಿಸಿಕೊಳ್ಳಬೇಕು. ದೊಡ್ಡ ಅಂಕಿಯ ಜೊತೆ ಔನ್ಸಿಗೆ ಅಥವಾ ಒಂದಕ್ಕೆ ಎಷ್ಟು ಎಂಬ ಸಣ್ಣ ಅಂಕಿಯೂ ಇರುತ್ತದೆ. ಸೂಪರ್‌ಮಾರ್ಕೆಟ್ಟಿನ ಫಲಕದಲ್ಲೂ ಅದೇ ಅಂಕಿಯನ್ನು ಹುಡುಕಿ ಫೋಟೊ ತೆಗೆದಿಟ್ಟುಕೊಳ್ಳಿ. ಹಬ್ಬದ ಸಮಯದ ರಿಯಾಯಿತಿಯಲ್ಲಿ ಮೈದಾ, ಸಕ್ಕರೆ, ಸೀರಿಯಲ್‌ಗಳು ಸೂಪರ್‌ಮಾರ್ಕೆಟ್ಟಿನಲ್ಲೇ ಅಗ್ಗವಾಗಿರುವುದುಂಟು, ಕಾಸ್ಟ್‌ಕೋ ತಯಾರಕರ ಕೂಪನ್‌ಗಳನ್ನು ಒಪ್ಪುವುದೂ ಇಲ್ಲ. ಬೆಲೆ 97 ಸೆಂಟಿನಲ್ಲಿ ಮುಗಿದಿದ್ದರೆ ಸಾಮಾನ್ಯವಾಗಿ ಅದು ಇಳಿಸಿದ ಬೆಲೆ. ಫಲಕದ ಮೇಲಿನ ಬಲ ಮೂಲೆಯಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಸಾಮಾನು ಮತ್ತೆ ಬರುವುದಿಲ್ಲ ಎಂದರ್ಥ. ಕೊಂಡ 30 ದಿನಗಳೊಳಗೆ ಅದೇ ಸಾಮಾನಿಗೆ ಬೆಲೆ ಇಳಿದರೆ ವ್ಯತ್ಯಾಸವನ್ನು ಕೇಳಿ ಪಡೆಯಬಹುದು. ಲ್ಯಾಪ್‌ಟಾಪ್, ಹಾಸಿಗೆಯಂಥ ದುಬಾರಿ ಖರೀದಿಯಾದರೆ ಮುಂದಿನ ರಿಯಾಯಿತಿ ಪಟ್ಟಿ ಬರುವವರೆಗೆ ರಸೀದಿ ಕಣ್ಣೆದುರಿಗಿರಲಿ. ಜಾಲತಾಣದ ಬೆಲೆಯಲ್ಲಿ ಸಾಗಣೆ ವೆಚ್ಚ ಸೇರಿರುವುದರಿಂದ ಅದು ಅಂಗಡಿಯ ಬೆಲೆಗಿಂತ ಹೆಚ್ಚಿರುವುದೇ ಹೆಚ್ಚು.

ಅಂಗಡಿಯ ರಚನೆಯ ಬಗ್ಗೆ ಎರಡು ಮಾತು ಸಾಕು. ಟಿ.ವಿ., ಆಭರಣ ಬಾಗಿಲಲ್ಲಿ, ಹಾಲು ಮೊಟ್ಟೆ ಕಟ್ಟಕಡೆಯ ಗೋಡೆಯಲ್ಲಿ. 4.99 ಡಾಲರಿನ ಹುರಿದ ಕೋಳಿಯೂ ಹಿಂದೆಯೇ. 1980ರ ದಶಕದಿಂದ ಒಂದೂವರೆ ಡಾಲರಿನಲ್ಲೇ ನಿಂತಿರುವ ಹಾಟ್‌ಡಾಗ್ ಮಾತ್ರ ಹೊರಗೆ ಬರುವ ದಾರಿಯಲ್ಲಿ, ಆಗಲೇ ಹಗುರಾದ ಜೇಬಿನ ಸಮಾಧಾನಕ್ಕೆ. ಸಸ್ಯಾಹಾರಿಗಳಾದ ನಮಗೆ ಇವೆರಡೂ ಬೇಡವಾದ್ದರಿಂದ ಚೀಸ್ ಪಿಜ್ಜಾದ ತುಂಡಿನಲ್ಲೇ ಸಮಾಧಾನ. ನಾನು ಪಟ್ಟಿ ಹಿಡಿದು, ಹೊಟ್ಟೆ ತುಂಬಿಸಿಕೊಂಡು, ವಾರದ ಮಧ್ಯದ ಸಂಜೆ ಹೋಗುತ್ತೇನೆ.

ವಾಪಸಾತಿಯ ನಿಯಮ ಉದಾರವಾಗಿದೆ. ಟಿ.ವಿ., ಕಂಪ್ಯೂಟರ್, ಫ್ರಿಜ್‌ನಂಥವಕ್ಕೆ 90 ದಿನಗಳ ಗಡುವು, ಹೆಚ್ಚಿನ ಉಳಿದ ಸಾಮಾನಿಗೆ ಗಡುವೇ ಇಲ್ಲ, ಚಿನ್ನದ ಗಟ್ಟಿಯಂಥ ಕೆಲವನ್ನು ಮಾತ್ರ ಹಿಂದಿರುಗಿಸಲಾಗದು. ಹೊಸ ಬ್ರಾಂಡಿನ ಸೂಟ್‌ಕೇಸ್, ಶೂ, ಪಾತ್ರೆಗಳನ್ನು ಧೈರ್ಯವಾಗಿ ಕೊಳ್ಳಲು ಇದು ಸಾಕು. ಆದರೆ ವರ್ಷವಿಡೀ ಬಳಸಿ ಸವೆಸಿದ ಕುರ್ಚಿಯನ್ನು ಹೊತ್ತು ತಂದು ಹಣ ಕೇಳುವವರನ್ನು ಕಂಡರೆ ನನಗೆ ಮುಜುಗರವಾಗುತ್ತದೆ. ನಿಯಮಕ್ಕೆ ಒಪ್ಪಿಗೆಯಾದದ್ದೆಲ್ಲ ಮರ್ಯಾದೆಗೂ ಒಪ್ಪಿಗೆಯಾಗಬೇಕಲ್ಲ.

ಕ್ರೆಡಿಟ್ ಕಾರ್ಡುಗಳಲ್ಲಿ ಅಮೆರಿಕದ ಅಂಗಡಿಗಳೊಳಗೆ ನಡೆಯುವುದು ವೀಸಾ ಮಾತ್ರ, 2016ರಿಂದ ಹೀಗೆಯೇ. ಬೇರೆ ಕಾರ್ಡಿನವರಿಗೆ, ಸಾಲಿನಲ್ಲಿ ನಿಲ್ಲಲು ಬೇಸರಿಸುವವರಿಗೆ ವಾಲ್‌ಮಾರ್ಟ್ ಒಡೆತನದ ಸ್ಯಾಮ್ಸ್ ಕ್ಲಬ್ ಹೆಚ್ಚು ಅನುಕೂಲ. ಅಲ್ಲಿ ಸಾಮಾನನ್ನು ನಮ್ಮ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ, ಹಣ ಕಟ್ಟಿ ಹೊರಬರಬಹುದು. ಕೂಪನ್ ಕತ್ತರಿಸುವ ತಾಳ್ಮೆ ಇರುವವರಿಗೆ ಇಂಥದೇ ಇನ್ನೊಂದು ಸದಸ್ಯತ್ವದ ಮಳಿಗೆ ಬಿಜೆಸ್ ಹಿತ, ಅವರು ತಯಾರಕರ ಕೂಪನ್‌ಗಳನ್ನು ಒಪ್ಪುತ್ತಾರೆ. ಮೂರರಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ನೀವು ದಿನವೂ ಓಡಾಡುವ ದಾರಿಯಲ್ಲಿ ಯಾವುದಿದೆಯೋ ಅದೇ ಶ್ರೇಷ್ಠ.

ಹೊಸದಾಗಿ ಸೇರಬೇಕೆಂದಿರುವವರು ಮೊದಲು ಸದಸ್ಯರಾದ ಗೆಳೆಯರ ಜೊತೆ ಅತಿಥಿಯಾಗಿ ಒಮ್ಮೆ ಹೋಗಿ ಬನ್ನಿ. ನಿಮ್ಮ ಮನೆಗೆ ಬೇಕಾದ ಸಾಮಾನು ಅಲ್ಲಿದೆಯೇ ಎಂದು ಸಾವಕಾಶವಾಗಿ ನೋಡಬಹುದು. ಸೇರಿದ ಮೇಲೆ ಹಿಡಿಸದಿದ್ದರೆ ಸದಸ್ಯತ್ವ ರದ್ದು ಮಾಡಿ ಶುಲ್ಕವನ್ನು ಪೂರ್ತಿ ವಾಪಸು ಕೇಳಬಹುದು. ಈಗಾಗಲೇ ಸದಸ್ಯರಾದವರು ಗಮನಿಸಬೇಕಾದ್ದು: ಅವಧಿ ಮುಗಿದ ಎರಡು ತಿಂಗಳೊಳಗೆ ನವೀಕರಿಸಿದರೆ ಹಳೆಯ ತಿಂಗಳಿನಿಂದಲೇ ಹೊಸ ವರ್ಷದ ಲೆಕ್ಕ ಶುರುವಾಗುತ್ತದೆ, ಅದಕ್ಕಿಂತ ತಡವಾದರೆ ನವೀಕರಿಸಿದ ದಿನದಿಂದ. ಅವಧಿ ಮುಗಿದು ಎರಡು ತಿಂಗಳು ಕಳೆಯುವವರೆಗೂ ಊರಿನಲ್ಲೇ ಇರುವವರಾದರೆ ಸ್ವಯಂಚಾಲಿತ ನವೀಕರಣವನ್ನು ಹೊರಡುವ ಮುಂಚೆಯೇ ನಿಲ್ಲಿಸಿ, ಮರಳಿ ಬಂದ ಮೇಲೆ ಕಟ್ಟಿ.